ಕುಡುಗೋಲು ಮಡು

ವರದಾ ನದಿ ಮಳೆಗಾಲದಲ್ಲಿ ದಂಡೆ ಮೀರಿ ಹರಡುವ ತಗ್ಗಿನಲ್ಲಿ, ನಮ್ಮ ಬಾಚನಹಾಳದ ತೆಂಕಣ ದಿಕ್ಕಿಗೆ, ಕುಡುಗೋಲು ಮಡು ಎಂಬ ಜಾಗವಿದೆ. ಮಡು ಎಂದು ಕೇಳಿ ಬಂದವರಿಗೆ ನೀರು ಕಾಣುವುದಿಲ್ಲ. ಈ ದಂಡೆಯಿಂದ ಆ ದಂಡೆಯವರೆಗೆ ಆಳೆತ್ತರದ ಜೊಂಡು ನಿಂತಿದೆ. ಕುಡುಗೋಲಿನಂತೆ ಬಾಗಿರುವುದರಿಂದ ಈ ಹೆಸರು ಬಂತೆಂದು ಓದಿದವರು ಕೆಲವರು ಬರೆದಿದ್ದಾರೆ. ಅವರು ಒಂದು ಸುತ್ತು ನಡೆದು ನೋಡಿದ್ದರೆ ಸಾಕಿತ್ತು, ಮಡು ತಟ್ಟೆಯ ಹಾಗೆ ದುಂಡಗಿದೆ. ಹೆಸರಿನ ಹಿಂದಿರುವುದು ಒಬ್ಬ ತಾಯಿಯ ಸಂಕಟ. ಅದನ್ನು ಹೇಳುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಮಾತ್ರ ತಿಳಿಯುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ಅಂಬಿಗರ ಇಪ್ಪತ್ತು ಮನೆಗಳಿದ್ದವು. ನೆರೆ ಇಳಿದ ಮೇಲೆ ಮಡುವಿನಲ್ಲಿ ಉಳಿಯುತ್ತಿದ್ದ ನೀರು, ಅದರೊಳಗಿನ ಮೀನು, ಇವೇ ಅವರ ಬದುಕು. ಬೇಸಿಗೆಯಲ್ಲಿ ಎಲ್ಲರೂ ನೀರಿಗಿಳಿದು ಜೊಂಡು ಕೊಯ್ದು ಚಾಪೆ ನೇಯುತ್ತಿದ್ದರು. ಒಂದು ವರ್ಷ ವಾಂತಿಭೇದಿ ಬಂದು ಕೇರಿಯ ಮಕ್ಕಳನ್ನು ಸಾಲಾಗಿ ಒಯ್ದಿತು. ಜಟ್ಟೆಪ್ಪನೆಂಬವನ ಹೆಂಡತಿ ತಿರಕವ್ವ ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿದ್ದಳು. ಉಳಿದೊಬ್ಬ ಮಗಳು ನೀಲವ್ವನೂ ಮೇಲುಗಣ್ಣು ಮಾಡಿದಾಗ ಮಡುವಿನ ದಂಡೆಗೆ ಬಿದ್ದು ಹರಕೆ ಹೊತ್ತಳಂತೆ: ಜೊಂಡು ಹೊಳೆಯವ್ವನ ಮುಡಿ, ಕೂಸು ಬದುಕಿದರೆ ಆ ಮುಡಿಗೆ ಇನ್ನು ಕುಡುಗೋಲು ಸೋಕಿಸೆವು. ನೀಲವ್ವ ಬದುಕಿದಳು. ಇಡೀ ಕೇರಿ ಆ ಹರಕೆಯನ್ನು ತನ್ನದೆಂದು ತಲೆಯ ಮೇಲೆ ಹೊತ್ತುಕೊಂಡಿತು.

ಒಳ್ಳೆಯದಕ್ಕೆಂದು ಹೊತ್ತ ಹರಕೆಯೇ ಮುಳುವಾಯಿತು. ಕೊಯ್ಯದ ಜೊಂಡು ವರ್ಷವರ್ಷವೂ ಒಳಗೆ ಸರಿಯಿತು. ಬಿದ್ದದ್ದು ಕೊಳೆತು ಕೆಸರಾಯಿತು, ಕೆಸರಿನ ಮೇಲೆ ಮತ್ತೆ ಜೊಂಡು ಎದ್ದಿತು. ಮೀನುಗಳು ಉಸಿರುಗಟ್ಟಿ ತೇಲಿದವು. ಮೇಲೆ ಸುತ್ತುವ ಬಾತುಗಳು ಇಳಿಯಲು ನೀರು ಕಾಣದೆ ಮುಂದೆ ಹೋದವು. ಎಂಟು ವರ್ಷಗಳಲ್ಲಿ ಹದಿಮೂರು ಮನೆಯವರು ಬಲೆ ಸುತ್ತಿಕೊಂಡು ಊರು ಬಿಟ್ಟರು. ಕಡೆಗೆ ತಿರಕವ್ವ ಸೂರಿನಿಂದ ಕುಡುಗೋಲು ಎಳೆದಳು.

"ಕೂಸಿಗಿಂತ ಮೀನು ಹೆಚ್ಚಾತೇನ ನಿನಗ?" ಎಂದು ಜಟ್ಟೆಪ್ಪ ಅಡ್ಡ ನಿಂತ.

"ಆ ಕೂಸಿಗೇ ನಾಳಿ ಏನ ಉಣಸ್ತಿ, ಹೇಳು. ಹರಕಿ ಹೊತ್ತಾಕಿ ನಾನು, ಮುರಿಯಾಕಿನೂ ನಾನ. ಅವ್ವ ಸಿಟ್ಟಾದ್ರ ನನ್ನ ಒಯ್ಯಲಿ," ಎಂದಳು ತಿರಕವ್ವ.

ಎದೆಮಟ್ಟದ ನೀರಿನಲ್ಲಿ ನಿಂತು, ಒಳಗೆ ಕೈಯಾಡಿಸಿ, ಒಬ್ಬಳೇ ಇಪ್ಪತ್ತೇಳು ದಿನ ಬುಡಕ್ಕೇ ಕೊಯ್ದಳು ಎನ್ನುತ್ತಾರೆ. ಒಕ್ಕುವ ಕಣದಷ್ಟು ಅಗಲ ನೀರು ತೆರೆಯಿತು. ಒಂದು ಮುಂಜಾನೆ ಅಲ್ಲಿ ನಾಲ್ಕು ಬಾತುಗಳು ಇಳಿದಿದ್ದವು. ಕೇರಿಯ ಹೆಂಗಸರು ಬಂದು ನೋಡಿದರು, ಇಬ್ಬರು ಕುಡುಗೋಲು ತರಲು ಮನೆಗೆ ತಿರುಗಿದರು ಕೂಡ. ಅದೇ ವಾರ ನೀಲವ್ವನಿಗೆ ಜ್ವರ ಬಂತು. ಮೂರನೆಯ ದಿನ ಹೋದಳು. ಸುತ್ತ ಹತ್ತೂರಲ್ಲಿ ಆ ವರ್ಷ ಅದೇ ಜ್ವರವಿತ್ತು, ಜೊಂಡು ಕಾಣದ ಊರುಗಳಲ್ಲೂ ಮಕ್ಕಳು ಸತ್ತವು. ಅದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ಹೆತ್ತ ಕರುಳು ನಂಬುತ್ತಿತ್ತೇ? ಕುಡುಗೋಲನ್ನು ತಾನು ತೆರೆದ ನೀರಿಗೇ ಎಸೆದು, ತಿರಕವ್ವ ಮತ್ತೆ ಮಡುವಿನ ಕಡೆ ಮುಖ ಮಾಡಲಿಲ್ಲ. ಮುಂದಿನ ಬೇಸಿಗೆಗೆ ಆ ನೀರೂ ಮುಚ್ಚಿತು, ಉಳಿದ ಏಳು ಮನೆಗಳೂ ಖಾಲಿಯಾದವು.

ಈಗ ದಂಡೆಯಲ್ಲಿ ಹೊಳೆಯವ್ವನದೆನ್ನುವ ಒಂದು ಕಲ್ಲಿದೆ. ಮಕ್ಕಳಿಗೆ ಕಾಯಿಲೆಯಾದವರು ಅಲ್ಲಿಗೆ ಬಂದು, ಕಮ್ಮಾರನಿಂದ ಮಾಡಿಸಿದ ಬೆರಳುದ್ದದ ಕುಡುಗೋಲಿಗೆ ಅರಿಸಿನ ಹಚ್ಚಿ ಇಟ್ಟು ಹೋಗುತ್ತಾರೆ. ರಾಶಿ ಬಿದ್ದು ತುಕ್ಕು ಹಿಡಿದಿದೆ. ಮಸೆದದ್ದು ಒಂದೂ ಇಲ್ಲ. ಮೊನ್ನೆ ನಾನು ಅಲ್ಲಿ ನಿಂತು ಜೊಂಡಿನ ಒಂದು ದಂಟಿಗೆ ಕೈ ಹಾಕಿದೆ. ಕೂಸನ್ನು ಎತ್ತಿಕೊಂಡು ಬಂದಿದ್ದ ಹೆಣ್ಣುಮಗಳೊಬ್ಬಳು ಓಡಿಬಂದು ನನ್ನ ಮುಂಗೈ ಹಿಡಿದಳು. "ಬ್ಯಾಡ್ರಿ ಅಜ್ಜಾರ, ನಂದೊಂದ ಕೂಸೈತಿ," ಎಂದಳು. ನಾನೂ ಕೈ ಬಿಟ್ಟೆ.