ಮೂರು ರಾತ್ರಿಯ ಛತ್ರ

“ಬುದ್ಧಿ, ಮಲಗೋ ಜಾಗಕ್ಕಾಗಿ ಒಂದು ಚಿಕ್ಕ ಸುಳ್ಳು ಹೇಳಿದರೆ ತಪ್ಪಾ?” ಎಂದು ಷಡಕ್ಷರಿ ಕೇಳಿದ.

ಗುರುಗಳನ್ನು ಆ ಮಠದಲ್ಲಿ ಎಲ್ಲರೂ ಬುದ್ಧಿ ಎಂದೇ ಕರೆಯುತ್ತಿದ್ದರು. ಷಡಕ್ಷರಿ ಅಲ್ಲೇ ಓದಿ ಬೆಳೆದ ಶಿಷ್ಯ. ಬೆನ್ನಿಗೆ ಒಂದು ಚೀಲ ಹಾಕಿಕೊಂಡು, ಒಂದು ವರ್ಷ ಕಾಲ್ನಡಿಗೆಯಲ್ಲಿ ದೇಶ ಸುತ್ತಲು ಮರುದಿನ ಹೊರಡುವವನಿದ್ದ. ಕೈಯಲ್ಲಿ ಹಣ ಕಡಿಮೆ. ಲಾಡ್ಜಿಗೆ ಕೊಟ್ಟರೆ ಊಟಕ್ಕಿಲ್ಲ. ಆದ್ದರಿಂದ ಯಾವ ಊರಿನಲ್ಲಿ ಎಲ್ಲಿ ಪುಕ್ಕಟೆ ಮಲಗಬಹುದು ಎಂದು ಕಂಡಕಂಡವರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಅದನ್ನು ಗುರುಗಳ ಮುಂದೆ ಇಟ್ಟ.

ಗುರುಗಳು ಕನ್ನಡಕ ಏರಿಸಿ ಓದಿದರು. “ಶಾಲೆಯ ಜಗಲಿ, ಪೆಟ್ರೋಲ್ ಬಂಕಿನ ಹಿಂಭಾಗ, ರೈಲ್ವೆ ಸ್ಟೇಷನ್ನು... ಭಲೇ! ಪಾಠ ಬರಕೋ ಅಂದರೆ ನಿನ್ನ ಪೆನ್ನು ಯಾವಾಗಲೂ ಕೆಟ್ಟಿರೋದು. ಇದನ್ನು ಮಾತ್ರ ಎಷ್ಟು ದುಂಡಗೆ ಬರೆದಿದ್ದೀಯೋ!”

“ತಮಾಷೆ ಮಾಡಬೇಡಿ ಬುದ್ಧಿ. ಕೆಲವು ಕಡೆ ಅವರ ಜನಕ್ಕೆ ಮಾತ್ರ ಜಾಗ ಕೊಡ್ತಾರೆ. ಕೆಲವು ಕಡೆ ಎರಡೇ ದಿನ. ಹೆಸರು ಬದಲಾಯಿಸಿ ಹೇಳಿದರೆ ಆಯಿತು. ಅದರಿಂದ ಯಾರ ಗಂಟು ಹೋಗುತ್ತೆ?”

ಗುರುಗಳು ಪುಸ್ತಕ ಮುಚ್ಚಿ ಅವನ ಕೈಗೇ ಕೊಟ್ಟರು. “ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ,” ಎಂದು ಹೇಳತೊಡಗಿದರು.

ಒಬ್ಬ ದಾರಿಹೋಕನಿದ್ದ. ನಿನ್ನ ಹಾಗೆಯೇ ದೇಶ ನೋಡಲು ಹೊರಟವನು, ನಿನ್ನ ಹಾಗೆಯೇ ಕೈಯಲ್ಲಿ ಕಾಸಿಲ್ಲದವನು. ಕೆಟ್ಟವನೇನೂ ಅಲ್ಲ. ಒಂದು ದಿನ ಅವನ ಪಾದಕ್ಕೆ ಬಿದಿರಿನ ಸಿಬಿರು ಚುಚ್ಚಿತು. ಇಷ್ಟೇ ತಾನೆ ಎಂದು ಎರಡು ದಿನ ಅದರ ಮೇಲೆಯೇ ನಡೆದ. ಮೂರನೆಯ ದಿನ ಒಂದು ಊರು ಸೇರುವಷ್ಟರಲ್ಲಿ ಕಾಲು ಊದಿ ಕೀವು ತುಂಬಿಕೊಂಡಿತ್ತು. ಅಲ್ಲಿಯ ನಾಟಿ ವೈದ್ಯ ಸಿಬಿರು ಕಿತ್ತು, “ಹನ್ನೆರಡು ದಿನ ದಾರಿ ನಡೀಬೇಡ. ನಡೆದರೆ ಕಾಲು ಹೋಗುತ್ತೆ. ಆಮೇಲೆ ನನ್ನ ಬೈಬೇಡ,” ಎಂದ.

ಆ ಊರಿನಲ್ಲಿ ಒಂದು ಛತ್ರವಿತ್ತು. ಹಣ ಕೇಳದ ಜಾಗ ಅದೊಂದೇ. ಅದಕ್ಕೊಂದು ಕಟ್ಟಳೆ. ಯಾವ ಊರಿನವರೇ ಆಗಲಿ, ಯಾವ ಜಾತಿಯವರೇ ಆಗಲಿ, ಮೂರು ರಾತ್ರಿ ಮಲಗಬಹುದು. ನಾಲ್ಕನೆಯ ರಾತ್ರಿ ಇಲ್ಲ. ಹಿಂದೆ ಯಾರೋ ಬಂದವರು ಅಲ್ಲಿಯೇ ಒಲೆ ಹೂಡಿ ಸಂಸಾರ ಮಾಡಿಕೊಂಡು, ನಿಜವಾಗಿ ನಡೆದು ಬಂದವರು ಬೀದಿಯಲ್ಲಿ ಮಲಗಬೇಕಾಗಿತ್ತಂತೆ. ಅದಕ್ಕೇ ಈ ಕಟ್ಟಳೆ. ಅದನ್ನು ಮೀರಿ ಯಾರನ್ನಾದರೂ ಉಳಿಸಿಕೊಂಡರೆ, ಛತ್ರ ನೋಡಿಕೊಳ್ಳುವವರೂ ಜಾಗ ಖಾಲಿ ಮಾಡಬೇಕು.

ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ. ಹಿಂದೆ ಮುಂದೆ ಯಾರೂ ಇಲ್ಲ. ಅಡುಗೆಮನೆಯ ಮೂಲೆಯೇ ಅವಳ ಮನೆ. ಗುಡಿಸುವುದು, ಅನ್ನ ಬೇಯಿಸುವುದು, ಬಂದವರ ಕಾಲಿಗೆ ನೀರು ಹಾಕುವುದು ಅವಳ ಕೆಲಸ. ನೀರು ಕೊಡುವುದಲ್ಲ, ಹಾಕುವುದು. ಬಾಗಿಲ ಬಳಿಯ ಕಲ್ಲಿನ ಮೇಲೆ ನಿಲ್ಲಿಸಿ, ತಾನೇ ಬಗ್ಗಿ, ಚೊಂಬಿನಿಂದ ಹಾಕುತ್ತಿದ್ದಳು. ನಡೆದು ಬಂದವರ ಕಾಲು ತಣ್ಣಗಾಗದೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ಅವಳ ನಂಬಿಕೆ.

ದಾರಿಹೋಕ ಬಂದ. ಅವಳು ನೀರು ಹಾಕಿದಳು, ಗಾಯ ಕಂಡಳು. “ಅಯ್ಯೋ, ಏನಪ್ಪಾ ಇದು!” ಎಂದು ಕೂರಿಸಿ, ಬೇವಿನೆಣ್ಣೆ ಕಾಯಿಸಿ, ಅರಿಶಿನ ಕಲಸಿ ಹಚ್ಚಿದಳು. ತನ್ನ ಹಳೆಯ ಸೀರೆಯ ತುಂಡು ಹರಿದು ಕಟ್ಟಿದಳು.

ಮೂರು ರಾತ್ರಿ ಕಳೆಯಿತು. ಇನ್ನೂ ಒಂಬತ್ತು ಬೇಕು. ಕಾಲು ಹೋದರೆ ನಡೆಯುವವನ ಬದುಕೇ ಹೋದಂತೆ ಎಂದು ಅವನಿಗೆ ಹೆದರಿಕೆಯಾಯಿತು. ಒಂದು ಉಪಾಯ ಹೂಡಿದ. ಬೆಳಗ್ಗೆ ಮುದುಕಿಗೆ ಕೈಮುಗಿದು ಹೊರಟ. ಹಗಲೆಲ್ಲ ಸಂತೆಮಾಳದ ಮರದ ಕೆಳಗೆ ಕೂತಿದ್ದ. ಮೀಸೆ ಬೋಳಿಸಿದ. ವಿಭೂತಿ ಒರೆಸಿ ನಾಮ ಎಳೆದ. ಕಾಲಿನ ಬಟ್ಟೆ ಬಿಚ್ಚಿದ. ಸಂಜೆ ಅದೇ ಛತ್ರಕ್ಕೆ ಬಂದು ಬೇರೆ ಹೆಸರು ಹೇಳಿ, “ದೂರದಿಂದ ಬಂದೆನಮ್ಮ,” ಎಂದ.

“ಬಾಪ್ಪ, ಕಲ್ಲಿನ ಮೇಲೆ ನಿಲ್ಲು,” ಎಂದು ಅವಳು ನೀರು ಹಾಕಿದಳು. ಗಾಯ ನೋಡಿದಳು. “ಅಯ್ಯೋ, ಏನಪ್ಪಾ ಇದು!” ಎಂದಳು. ದಾರಿಯಲ್ಲಿ ಏನೋ ಚುಚ್ಚಿತು ಎಂದ. ಪಾಪ ಎಂದು ಎಣ್ಣೆ ಕಾಯಿಸಲು ಹೋದಳು.

ನಗಬೇಡವೋ. ಅವನೂ ಹೀಗೆಯೇ ಒಳಗೊಳಗೆ ನಕ್ಕ. ಮುದುಕಿಗೆ ಕಣ್ಣು ಮಂಜು ಎಂದುಕೊಂಡ. ಮತ್ತೆ ಮೂರು ರಾತ್ರಿ ಕಳೆದ ಮೇಲೆ ತಲೆಯನ್ನೇ ಬೋಳಿಸಿ, ಯಾತ್ರೆ ಮುಗಿಸಿದವನಾಗಿ ಬಂದ. ಅದರ ಮುಂದಿನ ಸಲ ಬೋಳಿಸುವುದಕ್ಕೆ ಏನೂ ಉಳಿದಿರಲಿಲ್ಲ. ರುಮಾಲು ಸುತ್ತಿ ಜವಳಿ ವ್ಯಾಪಾರಿ ಎಂದ. ಮೂಟೆ ಎಲ್ಲಿ ಎಂದು ಅವಳು ಕೇಳಲಿಲ್ಲ. ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಮಾತ್ರ ಪ್ರತಿ ಸಲವೂ ಕೇಳುತ್ತಿದ್ದಳು. ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ಒಂದು ಸಲ ಮದುವೆಯೇ ಇಲ್ಲ ಎಂದ, ಒಂದು ಸಲ ನಾಲ್ಕು ಮಕ್ಕಳು ಎಂದ. ನಾಲ್ಕು ಮಕ್ಕಳು ಎಂದ ದಿನ ಅವಳಿಗೆ ಬಹಳ ಸಂತೋಷವಾಯಿತು.

ಹನ್ನೆರಡನೆಯ ದಿನ ಬೆಳಗ್ಗೆ ಛತ್ರದ ಧರ್ಮದರ್ಶಿ ಬಂದ. ಕುಂಟುವವನೊಬ್ಬ ಹತ್ತು ದಿನಕ್ಕೂ ಮೇಲಿನಿಂದ ಅಲ್ಲಿದ್ದಾನೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ದಾರಿಹೋಕ ಒಳಗೆ ಬಾಗಿಲ ಹಿಂದೆ ಇದ್ದ. ಎಲ್ಲವೂ ಕೇಳಿಸುತ್ತಿತ್ತು.

“ಮೂರು ರಾತ್ರಿಯ ಮೇಲೆ ಯಾರನ್ನಾದರೂ ಇಟ್ಟುಕೊಂಡಿದ್ದೀಯೇನಮ್ಮ?” ಎಂದು ಧರ್ಮದರ್ಶಿ ಕೇಳಿದ.

“ಇಲ್ಲ ಸ್ವಾಮಿ. ಒಳಗಿರೋನು ಮೊನ್ನೆ ಸಂಜೆ ಬಂದೋನು.”

“ನಾನು ನಂಬ್ತೀನಿ. ಊರು ನಂಬಬೇಕಲ್ಲ? ದೀಪ ಮುಟ್ಟಿ ಹೇಳಿಬಿಡು.”

ಛತ್ರದ ಗೂಡಿನಲ್ಲಿ ಒಂದು ದೀಪವಿತ್ತು. ಇಪ್ಪತ್ತೆರಡು ವರ್ಷದಿಂದ ಅವಳೇ ಹಚ್ಚುತ್ತಿದ್ದ ದೀಪ. ಗುಡಿಗೆ ಹೋಗಲು ಅವಳಿಗೆ ಪುರುಸೊತ್ತಿರಲಿಲ್ಲ. ದೇವರು ಎಂದರೆ ಅವಳಿಗೆ ಅದೇ. ಸಂಜೆ ಅದನ್ನು ಹಚ್ಚಿ, ಆ ದಿನ ಮಲಗಲು ಬಂದವರ ಹೆಸರನ್ನೆಲ್ಲ ಹೇಳಿ, ‘ಇವರನ್ನು ಸುಖವಾಗಿ ಊರು ಮುಟ್ಟಿಸಪ್ಪ’ ಎಂದು ಕೇಳಿಕೊಳ್ಳುತ್ತಿದ್ದಳು. ನಮ್ಮ ದಾರಿಹೋಕನ ನಾಲ್ಕು ಹೆಸರೂ ಆ ದೀಪದ ಮುಂದೆ ಬಂದಿದ್ದವು.

ಅವನು ಒಂದು ಹೆಜ್ಜೆ ಹೊರಗಿಟ್ಟು, ‘ಅಮ್ಮನಿಗೆ ಏನೂ ಗೊತ್ತಿಲ್ಲ, ಮೋಸ ಮಾಡಿದವನು ನಾನು’ ಎಂದಿದ್ದರೆ ಸಾಕಾಗಿತ್ತು. ಅಷ್ಟು ನಡೆಯುವ ಮಟ್ಟಿಗೆ ಕಾಲು ವಾಸಿಯಾಗಿತ್ತು. ಆದರೆ ಅವನು ಬಾಗಿಲ ಹಿಂದೆಯೇ ನಿಂತು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾನು ಮೊನ್ನೆ ಬಂದವನೆಂದೇ ಅವಳು ತಿಳಿದಿದ್ದಾಳೆ. ಅವಳ ಮಟ್ಟಿಗೆ ಅದು ನಿಜವೇ. ನಿಜ ಹೇಳಿ ದೀಪ ಮುಟ್ಟಿದರೆ ಏನು ದೋಷ? ಹೀಗೆ ಯೋಚಿಸಿದ.

ಮುದುಕಿ ಗೂಡಿನ ಹತ್ತಿರ ಹೋದಳು. ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೈ ಚಾಚಿ ದೀಪ ಮುಟ್ಟಿ, “ಮೊನ್ನೆ ಬಂದೋನೇ,” ಎಂದಳು. ಧರ್ಮದರ್ಶಿ ತೃಪ್ತಿಯಾಗಿ ಹೊರಟುಹೋದ.

ಅವಳು ಒಳಗೆ ಬಂದಳು. ದೀಪ ಮುಟ್ಟಿದ ಕೈಯನ್ನು ಸುಟ್ಟ ಕೈಯ ಹಾಗೆ ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ಅದನ್ನು ಕಂಡದ್ದೇ ದಾರಿಹೋಕ ಬಾಗಿಲ ಮರೆಯಿಂದ ಈಚೆ ಬಂದ.

“ನಿಮಗೆ ಗೊತ್ತಿತ್ತೇನಮ್ಮ?” ಎಂದ.

“ನಾನು ಮುಖ ಎಲ್ಲಿ ನೋಡ್ತೀನಪ್ಪ, ಕಾಲಿಗೆ ನೀರು ಹಾಕೋಳು. ನೀನು ಮೀಸೆ ತೆಗೆದೆ, ತಲೆ ಬೋಳಿಸಿದೆ. ಕಾಲು ಅದೇ ಇತ್ತಲ್ಲ.”

“ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನಾಚಿಕೊಂಡು ಎದ್ದು ಹೋಗಿಬಿಡ್ತಿದ್ದೆ. ಗಾಯ ಇನ್ನೂ ಹಸೀ ಇತ್ತು ಕಣಪ್ಪ.”

ದಾರಿಹೋಕ ನೆಲದ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ನನ್ನಂಥ ಪಾಪಿ ಇಲ್ಲ ಎಂದ. ಮುದುಕಿ ಸೆರಗಿನಿಂದ ಅವನ ಕಣ್ಣು ಒರೆಸಿ, “ಅತ್ತರೆ ಗಾಯ ಮಾಗುತ್ತಾ? ಇನ್ನೊಂದು ರಾತ್ರಿ ಇದೆ, ಕಾಲು ಚಾಚು,” ಎಂದು ಎಣ್ಣೆ ಕಾಯಿಸಲು ಹೋದಳು. ನಾಲ್ಕರಲ್ಲಿ ಅವನ ನಿಜವಾದ ಹೆಸರು ಯಾವುದು ಎಂದು ಅವಳು ಕೇಳಿದ್ದು ಆವತ್ತೇ. ಅವನಿಗೆ ಹೆಂಡತಿಯೂ ಇಲ್ಲ, ನಾಲ್ಕು ಮಕ್ಕಳೂ ಇಲ್ಲ ಎಂದು ತಿಳಿದು ಸ್ವಲ್ಪ ಬೇಸರಪಟ್ಟುಕೊಂಡಳು.

ಮರುದಿನ ಬೆಳಗ್ಗೆ ಅವನು ಎರಡು ಕಾಲಿನ ಮೇಲೆ ನೆಟ್ಟಗೆ ನಡೆದು ಊರು ದಾಟಿದ. ಛತ್ರದ ಕೆಲಸ ಅವಳಿಗೆ ಉಳಿಯಿತು. ಅವಳು ಮೊದಲಿನಂತೆಯೇ ಗುಡಿಸಿದಳು, ಅನ್ನ ಬೇಯಿಸಿದಳು, ಬಂದವರ ಕಾಲಿಗೆ ನೀರು ಹಾಕಿದಳು. ದೀಪವನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಸಂಜೆಯಾದರೆ ಬಂದವರಲ್ಲಿ ಒಬ್ಬರನ್ನು ಕರೆದು, “ನನ್ನ ಕೈಲಿ ಆಗಲ್ಲ, ನೀವು ಹಚ್ಚಿ,” ಎನ್ನುತ್ತಿದ್ದಳು. ಅವರು ಹಚ್ಚಿದರೆ ತಾನು ದೂರದಲ್ಲಿ ಕಂಬದ ಮರೆಗೆ ನಿಂತು ಕೈಮುಗಿಯುತ್ತಿದ್ದಳು. ವಯಸ್ಸಾಯಿತು, ಕೈ ನಡುಗುತ್ತದೆ ಎಂದು ಜನ ತಿಳಿದರು. ಸಾಯುವ ತನಕ ಅವಳು ಹಾಗೆಯೇ ಇದ್ದಳು.

ಗುರುಗಳು ಕತೆ ನಿಲ್ಲಿಸಿದರು. ಷಡಕ್ಷರಿಯ ಮುಖ ಸಣ್ಣದಾಗಿತ್ತು. ಆದರೂ ಹುಡುಗುತನದ ಹಟ ಬಿಡಲಿಲ್ಲ.

“ಅದೆಲ್ಲ ಸರಿ ಬುದ್ಧಿ. ಆದರೂ ಹನ್ನೆರಡು ರಾತ್ರಿ ಅವನು ಏನೂ ಕೊಡದೆ ಮಲಗಿದನಲ್ಲ?” ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಹೌದು ಮಗು, ಅವನು ಏನೂ ಕೊಡಲಿಲ್ಲ. ಆ ಹನ್ನೆರಡು ರಾತ್ರಿಯ ಬಾಡಿಗೆ ಕೊಟ್ಟವಳು ಆ ಮುದುಕಿ.”