ಎಮ್ಮೆ ನೆಲ ನೋಡಿಕೊಂಡು ನಡೆಯುವುದು ಯಾಕೆ

ಲೋಕ ಆಗಷ್ಟೇ ಹುಟ್ಟಿ, ನೆಲದ ಹಸಿ ಇನ್ನೂ ಆರದಿದ್ದ ಕಾಲ. ಆಗ ಎಮ್ಮೆಗಳು ಈಗಿನ ಹಾಗೆ ತೆವಳುತ್ತಿರಲಿಲ್ಲ ಮಕ್ಕಳೇ! ತಲೆಯೆತ್ತಿ, ಕುದುರೆಯ ಹಾಗೆ ಓಡುತ್ತಿದ್ದವು. ಬೆಳ್ಳಕ್ಕಿಗಳು ಮರದ ಮೇಲೆ ಗೂಡು ಕಟ್ಟುತ್ತಿರಲಿಲ್ಲ. ಕೆರೆಯಂಚಿನ ಜೊಂಡುಹುಲ್ಲಿನಲ್ಲಿ, ನೆಲದ ಮೇಲೇ ಮೊಟ್ಟೆಯಿಡುತ್ತಿದ್ದವು.

ಇದ್ದದ್ದು ಒಂದೇ ಕೆರೆ. ಎಮ್ಮೆಗಳು ಇಳಿದು ಹೊರಳಾಡಿದರೆ ನೀರೆಲ್ಲ ಕೆಸರು. ಕೆಸರಾದರೆ ಬೆಳ್ಳಕ್ಕಿಗಳಿಗೆ ಮೀನು ಕಾಣದು. "ಹೊರಳಬೇಡಿ" ಅಂದವು ಬೆಳ್ಳಕ್ಕಿಗಳು. "ಹಾರಿಹೋಗಿ" ಅಂದವು ಎಮ್ಮೆಗಳು. ನೀರೇನೋ ಇಬ್ಬರಿಗೂ ಸಾಲುತ್ತಿತ್ತು, ಬುದ್ಧಿ ಸಾಲಲಿಲ್ಲ ನೋಡಿ! ಯುದ್ಧವೇ ಶುರುವಾಯಿತು.

ಎಮ್ಮೆಗಳಲ್ಲಿ ಸೊಬಗಿ ಅಂತ ಒಬ್ಬಳಿದ್ದಳು. ಹಿಂಡಿನ ಮುಂದೆ ಓಡುವವಳು ಅವಳೇ. ಒಂದು ಬೆಳಿಗ್ಗೆ ಬೆಳ್ಳಕ್ಕಿಯೊಂದು ಹಾರಿಬಂದು ಅವಳ ಎಳೆಗರುವಿನ ಕಣ್ಣಿಗೆ ಕುಕ್ಕಿತು. ಕರು "ಅಮ್ಮಾ!" ಎಂದು ಚೀರಿತು.

ಸೊಬಗಿಗೆ ತಲೆ ಕೆಟ್ಟಿತು. ಜೊಂಡಿಗೆ ನುಗ್ಗಿಬಿಟ್ಟಳು. ಎಮ್ಮೆಗಳ ಬುದ್ಧಿ ಗೊತ್ತಲ್ಲ, ಮುಂದಿನವಳು ಹೋದ ಕಡೆ ಹಿಂಡೆಲ್ಲ ಹೋಗುತ್ತದೆ. ಕಾಲಡಿಯಲ್ಲಿ ಚಟಪಟ ಸದ್ದಾಯಿತು. ಒಣಗಿದ ಜೊಂಡಿರಬೇಕು ಅಂದುಕೊಂಡಳು. ಯಾರೂ ಕೆಳಗೆ ನೋಡಲಿಲ್ಲ.

ಆಚೆ ದಡದಲ್ಲಿ ನಿಂತಾಗ ಅವಳ ಗೊರಸಿಗೆ ಮೊಟ್ಟೆಯ ಚಿಪ್ಪು ಅಂಟಿತ್ತು. ಜೊಂಡಿನಲ್ಲಿ ಒಂದು ಗೂಡೂ ಉಳಿದಿರಲಿಲ್ಲ.

"ಗೆದ್ದವರು ಯಾರ್ರಪ್ಪಾ?" ಅಂತ ಕೆರೆ ಕೇಳಿತು. ಯುದ್ಧ ಅಲ್ಲಿಗೇ ನಿಂತಿತು.

ಮತ್ತೆ ಮೊಟ್ಟೆಯಿಡುವ ಕಾಲ ಬಂತು. ಸೊಬಗಿ ಕೆರೆಯ ಏರಿಯ ಮೇಲೆ ನಿಂತವಳು ಕೆಳಗಿಳಿಯಲೇ ಇಲ್ಲ. ಅವಳು ಇಳಿಯದೆ ಹಿಂಡೂ ಇಳಿಯಲಿಲ್ಲ. ಕರುವಿನ ಗಂಟಲು ಒಣಗಿಹೋಗಿತ್ತು.

ಬೆಳ್ಳಮ್ಮ ಎಂಬ ಮುದಿ ಬೆಳ್ಳಕ್ಕಿ ಅಲ್ಲಿಗೆ ಬಂದಳು. ಆವತ್ತು ಅವಳ ಗೂಡೂ ಹೋಗಿತ್ತು.

"ಯಾಕೆ ನಿಂತೆ? ಕರು ನಾಲಿಗೆ ಹೊರಗೆ ಹಾಕಿದೆ, ಕಾಣಲ್ವೇನೇ?"

"ಕಾಲಿಡೋಕೆ ಭಯ ಕಣವ್ವಾ. ಎಲ್ಲಿ ಮೊಟ್ಟೆ ಇದೆಯೋ ಏನೋ! ಆವತ್ತು ಒಂದು ಸಲ ಕೆಳಗೆ ನೋಡಿದ್ದರೆ... ಒಂದೇ ಒಂದು ಸಲ!" ಸೊಬಗಿ ಗಳಗಳನೆ ಅತ್ತಳು.

ಬೆಳ್ಳಮ್ಮ ಬಯ್ಯಲು ಕೊಕ್ಕು ತೆರೆದಳು. ಆಗ ಕರು ಅವಳ ಕಡೆ ತಿರುಗಿತು. ಆವತ್ತು ಕುಕ್ಕಿದ ಕಣ್ಣಿನಲ್ಲಿ ಬಿಳಿ ಹೂ ಬಿದ್ದು ದೃಷ್ಟಿ ಹೋಗಿತ್ತು. ಬೆಳ್ಳಮ್ಮ ಕೊಕ್ಕು ಮುಚ್ಚಿಕೊಂಡಳು.

"ಇದು ನಮ್ಮವರ ಕೆಲಸ," ಅಂದಳು ಕೊನೆಗೆ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನೇ? ಕಳಕೊಂಡದ್ದು ನಿನಗೂ ಬರಲ್ಲ, ನನಗೂ ಬರಲ್ಲ. ಮಗು ನೀರಾದರೂ ಕುಡಿಯಲಿ, ಬಾ. ನಾನು ನಡೆದ ಕಡೆ ಕಾಲಿಡು."

ಆ ಪುಟ್ಟ ಬಿಳಿ ಹಕ್ಕಿ ಗೊರಸಿನ ಪಕ್ಕದಲ್ಲೇ ನಡೆಯಿತು. ಸೊಬಗಿ ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆಯಿಡುತ್ತ ಇಳಿದಳು. ಹಿಂಡೂ ಹಾಗೆಯೇ ಇಳಿಯಿತು. ಕರು ಹೊಟ್ಟೆ ತುಂಬ ನೀರು ಕುಡಿಯಿತು.

ಆಮೇಲಾಮೇಲೆ ಬೆಳ್ಳಕ್ಕಿಗಳು ಮರದ ಮೇಲೆ ಗೂಡು ಕಟ್ಟಿಕೊಂಡವು. "ಇನ್ನು ನೆಲದಲ್ಲಿ ಏನೂ ಇಲ್ಲ ಕಣೇ, ತಲೆಯೆತ್ತಿ ಓಡು," ಅಂದಳು ಬೆಳ್ಳಮ್ಮ.

"ಗೊತ್ತು ಕಣವ್ವಾ," ಅಂದಳು ಸೊಬಗಿ. ತಲೆ ಮಾತ್ರ ಎತ್ತಲಿಲ್ಲ. ಬೆಳ್ಳಮ್ಮನೂ ಅವಳ ಪಕ್ಕ ಬಿಟ್ಟು ಹೋಗಲಿಲ್ಲ.

ಅದಕ್ಕೇ ಮಕ್ಕಳೇ, ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ "ಹೋಯ್, ಬೇಗ ನಡಿ" ಅಂತ ಕೂಗಬೇಡಿ. ಪಕ್ಕದಲ್ಲೊಂದು ಬೆಳ್ಳಕ್ಕಿಯನ್ನಿಟ್ಟುಕೊಂಡು, ಈಗ ಅಲ್ಲಿ ಇಲ್ಲದ ಮೊಟ್ಟೆಗಳನ್ನು ತುಳಿಯದ ಹಾಗೆ, ಅದು ಇವತ್ತಿಗೂ ನೆಲ ನೋಡಿಕೊಂಡೇ ನಡೆಯುತ್ತಿದೆ.