ನಾಲ್ಕು ಗಾಡಿ ಮುಳ್ಳು

"ಗುರುಗಳೇ, ಪಕ್ಕದವನ ಕೈಯಿಂದ ಬೇಲಿಯ ಅರ್ಧ ಖರ್ಚು ಪಡೆಯುವುದು ಹೇಗೆ?"

ಹೀಗೆ ಕೇಳಿದವನು ಮರಿಸಿದ್ದಯ್ಯ. ಮಠದ ಹೂದೋಟ ಅವನ ವಶದಲ್ಲಿತ್ತು. ತೋಟದ ಆಚೆಗೆ ಒಬ್ಬ ಎಮ್ಮೆ ಕಟ್ಟಿಕೊಂಡಿದ್ದ. ನಡುವಿನ ಬೇಲಿ ಬಿದ್ದು ಎರಡು ತಿಂಗಳಾಗಿತ್ತು. ಅಂದಿನಿಂದ ಮರಿಸಿದ್ದಯ್ಯ ಆ ಮನೆಗೆ ಅಲೆಯುತ್ತಲೇ ಇದ್ದ.

"ಗಡಿ ಇಬ್ಬರದು, ಬೇಲಿಯೂ ಇಬ್ಬರದೇ. ನ್ಯಾಯ ಪೂರ್ತಿ ನಮ್ಮ ಕಡೆಗಿದೆ. ಆದರೂ ಆ ಮನುಷ್ಯ ಬಗ್ಗುವುದಿಲ್ಲ. ನನಗೆ ಸಾಕುಸಾಕಾಗಿ ಹೋಗಿದೆ," ಎಂದ.

ಗುರು ಹೇಳಿದರು: "ಆ ಅರ್ಧವನ್ನು ಒಂದು ಕಡ್ಡಿಯೂ ಬಿಡದೆ ವಸೂಲು ಮಾಡಿದವನೊಬ್ಬನಿದ್ದ. ಹೇಗೆ ಮಾಡಿದ ಎಂಬುದನ್ನು ಹೇಳುತ್ತೇನೆ, ಕೇಳು."

ಒಂದೂರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ತೂಕದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ, ಯಾರಿಂದಲೂ ಮೋಸ ಹೋದವನೂ ಅಲ್ಲ. ಊರ ಹೊರಗೆ ಅವನಿಗೆ ಒಂದು ಹಿಪ್ಪುನೇರಳೆ ತೋಟವಿತ್ತು. ಮನೆಯಲ್ಲಿ ಅವನ ಹೆಂಡತಿ ರೇಷ್ಮೆ ಹುಳು ಸಾಕುತ್ತಿದ್ದಳು. ಆ ತೋಟದ ಸೊಪ್ಪೇ ಹುಳುಗಳ ಹೊಟ್ಟೆಗೆ ಆಧಾರ. ಪಕ್ಕದ ಹೊಲ ಒಬ್ಬ ಮೇಕೆಯವನದು. ಅವನಿಗೆ ಮೂವತ್ತು ಮೇಕೆ. ಮೇಕೆಗೆ ಹಿಪ್ಪುನೇರಳೆ ಸೊಪ್ಪು ಎಂದರೆ ಮದುವೆಯೂಟ.

ನಡುವಿನ ಮುಳ್ಳುಬೇಲಿ ಗೆದ್ದಲು ಹಿಡಿದು ನೆಲಕ್ಕೆ ಕೂತಿತು. ಹೊಸದು ಹಾಕಲು ನಾಲ್ಕು ಗಾಡಿ ಜಾಲಿಮುಳ್ಳು ಬೇಕು. ವ್ಯಾಪಾರಿ ಮೇಕೆಯವನ ಮನೆಗೆ ಹೋಗಿ, "ಎರಡು ಗಾಡಿ ನನ್ನದು, ಎರಡು ಗಾಡಿ ನಿನ್ನದು," ಎಂದ.

"ನನಗೆ ಬೇಲಿ ಯಾಕೆ ಶೆಟ್ಟರೇ? ನನ್ನ ರಾಗಿ ಕೊಯ್ದಾಯಿತು. ನಿಮ್ಮ ಸೊಪ್ಪೇನೂ ಬಂದು ನನ್ನ ಮೇಕೆಯನ್ನು ತಿನ್ನುವುದಿಲ್ಲವಲ್ಲ."

"ನಿನ್ನ ಮೇಕೆಗೆ ಬಾಯಿ ಇಲ್ಲದಿದ್ದರೆ ನನಗೂ ಬೇಲಿ ಬೇಕಿರಲಿಲ್ಲ."

"ಬಾಯಿ ದೇವರು ಕೊಟ್ಟದ್ದು. ಅವನನ್ನೇ ಕೇಳಿ ನೋಡಿ, ಅರ್ಧ ಕೊಟ್ಟಾನು."

ವ್ಯಾಪಾರಿ ಮತ್ತೆ ಹೋದ. ಅಮಾವಾಸ್ಯೆ ಕಳೆಯಲಿ ಎಂದ ಮೇಕೆಯವನು. ಅಮಾವಾಸ್ಯೆ ಕಳೆಯಿತು. ಮೇಕೆಗಳು ಈಯುವ ಕಾಲ, ಕೈಗೆ ಬಿಡುವಿಲ್ಲ ಎಂದ. ಅದೂ ಮುಗಿಯಿತು. ಭಾಮೈದ ಬರಲಿ, ಅವನನ್ನೊಂದು ಮಾತು ಕೇಳಬೇಕು ಎಂದ. ಆ ಭಾಮೈದ ಯಾವ ಊರಿನವನು, ಎಂದು ಬರುತ್ತಾನೆ ಎಂಬುದು ಮಾತ್ರ ಯಾರಿಗೂ ತಿಳಿಯದು. ಅಂಗಡಿಯ ಬಾಗಿಲು ಹಾಕಿಕೊಂಡು ಹೋಗುವುದು, ಹಲ್ಲು ಕಡಿಯುತ್ತ ಬರುವುದು, ವ್ಯಾಪಾರಿಗೆ ಇದೇ ಕೆಲಸವಾಯಿತು.

ಅಷ್ಟು ದಿನವೂ ಅವನ ಹೆಂಡತಿ ಕೋಲು ಹಿಡಿದು ಗಡಿಯಲ್ಲಿ ನಿಂತು ಮೇಕೆ ಅಟ್ಟುತ್ತಿದ್ದಳು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಿಗೆ ಮನೆಗೆ ಓಡಬೇಕು, ಹಾಕಿ ಮತ್ತೆ ಓಡಿ ಬರಬೇಕು. ಕೊನೆಗೊಂದು ದಿನ ಅವಳು, "ಉಳಿದ ಎರಡು ಗಾಡಿಯನ್ನೂ ನಾವೇ ತರಿಸಿದರೆ ಆಗದೇ? ಹುಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತಾಯಿತು," ಎಂದಳು.

ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಹಗಲಿರುಳೆನ್ನದೆ ತಿನ್ನುತ್ತದೆ. ಆಗ ಸೊಪ್ಪು ತಪ್ಪಿದರೆ ಅಷ್ಟು ದಿನದ ದುಡಿಮೆಯೆಲ್ಲ ಮಣ್ಣುಪಾಲು. ಇದು ವ್ಯಾಪಾರಿಗೆ ತಿಳಿಯದ ವಿಷಯವಲ್ಲ. ಆದರೂ ಅವನು ಸಿಡುಕಿದ.

"ಎರಡು ಗಾಡಿಯ ಮಾತಲ್ಲ ಇದು. ಅವನು ಕೊಡಬೇಕಾದ್ದನ್ನು ನಾನೇಕೆ ಕೊಡಲಿ? ಇವತ್ತು ಸಡಿಲ ಬಿಟ್ಟರೆ ನಾಳೆ ಊರಿಗೆ ಊರೇ ನನ್ನ ತಲೆಯ ಮೇಲೆ ಕೂರುತ್ತದೆ."

ಮಾರನೆಯ ದಿನ ಊರ ಹಿರಿಯರ ಮುಂದೆ ದೂರು ಇಟ್ಟ. ಹಿರಿಯರು ಗಡಿಗೆ ಬಂದು ನೋಡಿದರು. ವ್ಯಾಪಾರಿಯ ಮಾತು ನ್ಯಾಯವಾಗಿದೆ, ಇಬ್ಬರೂ ಎರಡೆರಡು ಗಾಡಿ ತರಬೇಕು ಎಂದು ತೀರ್ಮಾನ ಹೇಳಿದರು. ಮೇಕೆಯವನು ತಲೆ ಕೆರೆದುಕೊಂಡು ಒಪ್ಪಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸೀಮೆಯಲ್ಲಿ ಬೇಲಿಗೊಂದು ರೂಢಿಯುಂಟು. ಬೇಲಿ ಹಾಕುವವನು ಮುಳ್ಳುಕೊಂಬೆಯ ಬುಡವನ್ನು ತನ್ನ ಕಡೆಗೆ ಇಟ್ಟುಕೊಳ್ಳುತ್ತಾನೆ, ತುದಿಯನ್ನು ಆಚೆಗೆ ಚಾಚುತ್ತಾನೆ. ಬುಡ ಯಾರ ಕಡೆಗಿದೆಯೋ ಬೇಲಿ ಅವನದು. ವರ್ಷವರ್ಷವೂ ಅದನ್ನು ದುರಸ್ತಿ ಮಾಡುವ ಹೊರೆಯೂ ಅವನದೇ.

ಇದು ವ್ಯಾಪಾರಿಯ ತಲೆಯಲ್ಲಿ ಓಡಿತು. ಎಲ್ಲ ಬುಡವೂ ತನ್ನ ಕಡೆಗೆ ಬಂದರೆ ಮುಂದಿನ ವರ್ಷದಿಂದ ನಾಲ್ಕು ಗಾಡಿಯೂ ತನ್ನ ಪಾಲಿಗೇ. ಅವನು ಹಿರಿಯರಿಗೆ ಕೈ ಮುಗಿದು, "ಗಡಿಯ ಅರ್ಧ ನಾನು ಹಾಕುತ್ತೇನೆ, ಬುಡ ನನ್ನ ಕಡೆ. ಇನ್ನರ್ಧ ಅವನೇ ಹಾಕಲಿ, ಬುಡ ಅವನ ಕಡೆ. ಇದನ್ನೂ ತೀರ್ಮಾನದಲ್ಲಿ ಸೇರಿಸಿ," ಎಂದ.

ಹಿರಿಯರಲ್ಲೊಬ್ಬರು, "ಯೋಚಿಸಿ ಹೇಳುತ್ತಿದ್ದೀಯೇನಪ್ಪಾ?" ಎಂದರು.

"ಯೋಚಿಸದೆ ನಾನು ಬಾಯಿ ಬಿಡುವವನಲ್ಲ."

"ಶೆಟ್ಟರು ಹೇಳಿದ ಹಾಗೆಯೇ ಆಗಲಿ," ಎಂದ ಮೇಕೆಯವನು. ಈ ಸಲ ಅವನು ಅಮಾವಾಸ್ಯೆಯನ್ನೂ ಕೇಳಲಿಲ್ಲ, ಭಾಮೈದನನ್ನೂ ಕೇಳಲಿಲ್ಲ.

ವ್ಯಾಪಾರಿ ಹಗ್ಗ ಹಿಡಿದು ಗಡಿಯನ್ನು ಅಳೆದ. ಸರಿಯಾಗಿ ನಡುವಿಗೆ ಒಂದು ಕಲ್ಲು ನೆಟ್ಟ. ಎರಡು ದಿನದಲ್ಲಿ ಬೇಲಿ ಎದ್ದಿತು. ಅರ್ಧದ ಮುಳ್ಳು ಮೇಕೆಗಳ ಕಡೆಗೆ ನೋಡುತ್ತಿತ್ತು, ಇನ್ನರ್ಧದ ಮುಳ್ಳು ಹಿಪ್ಪುನೇರಳೆಯ ಕಡೆಗೆ. ವ್ಯಾಪಾರಿ ಮನೆಗೆ ಬಂದು ಹೆಂಡತಿಗೆ, "ಇನ್ನು ಕೋಲು ಮೂಲೆಗಿಡು. ಅವನ ಅರ್ಧ ಬಂತು," ಎಂದ. ಬಹಳ ದಿನಗಳ ಮೇಲೆ ಅಂದು ಅವನಿಗೆ ಊಟ ರುಚಿಸಿತು.

ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದವು. ಎರಡನೆಯ ದಿನ ಬೆಳಗ್ಗೆ ಮೇಕೆಗಳು ಬೇಲಿಯ ಹತ್ತಿರ ಬಂದವು. ವ್ಯಾಪಾರಿಯ ಅರ್ಧಕ್ಕೆ ಮೂತಿ ಇಟ್ಟು ಮುಳ್ಳು ಚುಚ್ಚಿಸಿಕೊಂಡು ಹಿಂದೆ ಸರಿದವು. ನಡುಗಲ್ಲು ದಾಟಿ ಇನ್ನರ್ಧಕ್ಕೆ ಹೋದವು. ಅಲ್ಲಿ ಅವುಗಳಿಗೆ ಎದುರಾದದ್ದು ಬರಿಯ ಬುಡಗಳು. ಮುಂದಿದ್ದ ಮೇಕೆ ತಲೆಯಿಟ್ಟು ನೂಕಿತು. ಕೊಂಬೆಗಳು ಜಾರಿ ದಾರಿ ಬಿಟ್ಟವು. ಬಿಸಿಲೇರುವಷ್ಟರಲ್ಲಿ ತೋಟದಲ್ಲಿ ಕಡ್ಡಿ ಮಾತ್ರ ನಿಂತಿತ್ತು.

ವ್ಯಾಪಾರಿ ಓಡಿ ಹೋಗಿ ಮೇಕೆಯವನನ್ನು ಹಿಡಿದು, "ನಿನ್ನ ಬೇಲಿ ಬಿದ್ದಿದೆ," ಎಂದ.

"ಬುಡ ನನ್ನ ಕಡೆಗಿದೆ ಶೆಟ್ಟರೇ, ದುರಸ್ತಿ ನನ್ನದೇ. ನಾಳೆ ಮಾಡಿಬಿಡುತ್ತೇನೆ. ನಿಮ್ಮ ಅರ್ಧಕ್ಕೆ ಕೈ ಹಚ್ಚುವುದಿಲ್ಲ," ಎಂದ ಮೇಕೆಯವನು.

ವ್ಯಾಪಾರಿ ಬುಟ್ಟಿ ಹಿಡಿದು ಮನೆಮನೆ ಸುತ್ತಿದ. ಎಲ್ಲರ ಮನೆಯಲ್ಲೂ ಹುಳುವಿತ್ತು, ಒಂದು ಹಿಡಿ ಸೊಪ್ಪು ಕೊಡುವವರಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದ. ನಲವತ್ತು ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿಕೊಂಡು ಅತ್ತಿತ್ತ ಹುಡುಕುತ್ತಿದ್ದವು. ಹೆಂಡತಿ ಬುಟ್ಟಿಯೊಳಗೆ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ಅವನ ಅರ್ಧ ಬಂತಲ್ಲ, ಇವಕ್ಕೆ ಅದನ್ನೇ ಹಾಕಲೇ?"

ಆ ಸಲ ಅವರ ಮನೆಯಲ್ಲಿ ಒಂದು ಗೂಡೂ ಇಳಿಯಲಿಲ್ಲ.

ಗುರು ಇಷ್ಟಕ್ಕೆ ನಿಲ್ಲಿಸಿದರು. ಮರಿಸಿದ್ದಯ್ಯನಿಗೆ ಸಮಾಧಾನವಾಗಲಿಲ್ಲ.

"ಅವನು ಕೇಳಿದ್ದರಲ್ಲಿ ತಪ್ಪೇನಿತ್ತು ಗುರುಗಳೇ? ಹಿರಿಯರೂ ಅವನದೇ ನ್ಯಾಯ ಎಂದರಲ್ಲ?"

"ತಪ್ಪೇನೂ ಇಲ್ಲ," ಎಂದರು ಗುರು. "ಅರ್ಧ ಪಡೆಯುವುದು ಹೇಗೆ ಎಂದು ನೀನು ಕೇಳಿದೆ, ನಾನು ಹೇಳಿದೆ. ತೋಟ ಉಳಿಸುವುದು ಹೇಗೆ ಎಂದು ನೀನು ಕೇಳಲೇ ಇಲ್ಲ."